ಕಬ್ಬಕ್ಕಿ ಹಿಂಡು ಬೆಳಿಗ್ಗೆ ಏಳೋದು ಎಷ್ಟೊತ್ತಿಗೆ?

ಸಾಗರದ ಹತ್ರ ನಮ್ಮೂರ ಕೆರೆ ಜೊಂಡಲ್ಲಿ ಸಂಜೆ ಗುಲಾಬಿ ಕಬ್ಬಕ್ಕಿ (ಮೈನಾ ಥರದ ವಲಸೆ ಹಕ್ಕಿ) ಬಂದು ಕೂರ್ತವೆ. ಬೆಳಿಗ್ಗೆ ಏಳೋದು ನೋಡೋಣ ಅಂತ ಎರಡ್ ಸಲ 7 ಗಂಟೆಗೆ ಹೋದೆ, ಬರೀ ಹಿಕ್ಕೆ ವಾಸನೆ, ಒಂದೂ ಹಕ್ಕಿ ಇಲ್ಲ ಮಾರಾಯ್ರೆ!

ಜೊಂಡುಕೆರೆ: 7 ಅಂದ್ರೆ ಬಸ್ ಹೋದ್ಮೇಲೆ ಸ್ಟ್ಯಾಂಡಿಗೆ ಹೋದಂಗೆ. ಸೂರ್ಯ ಹುಟ್ಟೋ ಅರ್ಧ ಗಂಟೆ ಮೊದ್ಲೇ ಕೂತಿರಿ. ಮೊದ್ಲು ಏನೂ ಕಾಣಲ್ಲ, ಎಣ್ಣೇಲಿ ಸಾಸಿವೆ ಸಿಡಿದಂಗೆ ಜೊಂಡೊಳಗಿಂದ ಚಿಟಿಚಿಟಿ ಜಾಸ್ತಿ ಆಗ್ತಾ ಹೋಗಿ ಒಂದ್ಸಲ ಗಪ್ ಅನ್ನುತ್ತೆ, ಆಮೇಲೆ ಬುರ್ರ್ ಅಂತ ಒಂದ್ ಹಿಂಡು. ಎಲ್ಲಾ ಒಟ್ಟಿಗೆ ಹೋಗಲ್ಲ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಏಳುತ್ತೆ, ಕಾಯ್ಬೇಕು.

ಮಳೆಹುಳ: ಇಂಗ್ಲೆಂಡಿನ ಸಾಮರ್‌ಸೆಟ್ಟಲ್ಲಿ ಹ್ಯಾಮ್ ವಾಲ್ ಜೌಗಲ್ಲಿ ನೋಡಿದೀನಿ, ಅಲ್ಲಿಂದು ಚುಕ್ಕೆ ಇರೋ ಬೇರೆ ಜಾತಿ. ಬೆಳಿಗ್ಗೆ ಹಿಂಡು ಹಿಂಡಾಗಿ ಏಳೋದು ರಾಡಾರಲ್ಲಿ ಕೆರೆಗೆ ಕಲ್ಲು ಎಸೆದಂಗೆ ಉಂಗುರ ಉಂಗುರವಾಗಿ ಕಾಣುತ್ತೆ. ಜನ ಎಲ್ಲಾ ಸಂಜೆ ಹಿಂಡು ಆಕಾಶದಲ್ಲಿ ಸುತ್ತೋ ಆಟಕ್ಕೇ ಮುಗಿಬೀಳ್ತಾರೆ, ನಂಗೆ ಬೆಳಗಿಂದೇ ಇಷ್ಟ.

ಅಡಿಕೆ ತೋಟ: ಮೋಡ ಇದ್ರೆ ಲೇಟಾಗಿ ಏಳ್ತವೆ. ಬೇಸಿಗೆ ಬಂದ್ರೆ ಮಧ್ಯ ಏಷ್ಯಾ ಕಡೆ ಹೊರಟ್ಬಿಡ್ತವೆ, ಬೇಗ ಹೋಗಿ. ಟೋಪಿ ಮರೀಬೇಡಿ 😄

ಪ್ರಶ್ನೆ ಕೇಳಿದವ: 5:30ಕ್ಕೆ ಅಲಾರಾಂ ಇಟ್ಟೆ. ಹಾಲು ತರೋಕೆ ಏಳಲ್ಲ ಹಕ್ಕಿಗೆ ಏಳ್ತೀಯಾ ಅಂತ ಅಮ್ಮ ಬೈತಿದಾರೆ.