ಪದಚರ್ಚೆ: ‘ಗುಳಿ ಬಿದ್ದ ಕೆನ್ನೆ’ – ಬೀಳದೆಯೇ ಇರುವ ಗುಳಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಮುಖದ ರಚನೆಯ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೆ. ‘ಕೆಲವರಿಗೆ ಇಪ್ಪತ್ತರ ವಯಸ್ಸಿಗೇ ಕೆನ್ನೆ ಗುಳಿ ಬಿದ್ದಿರುತ್ತದೆ, ಅದು ಅವರ ಮುಖದ ಆಕಾರ ಅಷ್ಟೆ’ ಎಂಬ ಸಾಲನ್ನು ಓದಿದ ಗೆಳತಿ, ಕರಡಿನ ಅಂಚಿನಲ್ಲಿ ‘ಯಾವ ಕಾಯಿಲೆ?’ ಎಂದು ಬರೆದು ಕಳಿಸಿದಳು. ನಾನು ಎತ್ತದ ಕಾಯಿಲೆಯನ್ನು ‘ಬಿದ್ದಿರುತ್ತದೆ’ ಎಂಬ ಕ್ರಿಯಾಪದ ತಾನೇ ಎಳೆದು ತಂದಿತ್ತು.

ನಮ್ಮಲ್ಲಿರುವ ಮಾತುಗಳನ್ನು ನೋಡಿ. ಗುಳಿ ಬಿದ್ದ ಕೆನ್ನೆ, ಬತ್ತಿದ ಕೆನ್ನೆ, ಕೆನ್ನೆ ಒಳಗೆ ಹೋಗಿದೆ, ಮುಖ ಇಳಿದುಹೋಗಿದೆ. ಹಿಂದೆ ತುಂಬಿದ್ದದ್ದು ಈಗ ಬರಿದಾಯಿತು ಎಂಬ ಮರುಕ ಎಲ್ಲದರಲ್ಲೂ ಇದೆ. ‘ಕೆನ್ನೆಮೂಳೆ ಎದ್ದು ಕಾಣುತ್ತಿದೆ’ ಅಂದರೂ ‘ಊಟ ಸರಿಯಾಗಿ ಮಾಡ್ತಿಲ್ವಾ?’ ಎಂದು ಕೇಳಿದ ಹಾಗೆಯೇ. ಅದೇ ಮೂಳೆಯನ್ನು ಹೊಗಳಬೇಕಾದಾಗ ನಾವು ‘ಚೀಕ್‌ಬೋನ್ ಚೆನ್ನಾಗಿದೆ’ ಅನ್ನುತ್ತೇವೆ! ಗಮನಿಸಿದ್ದೀರಾ?

ಆದರೆ ಎಲ್ಲ ಗುಳಿಯೂ ನಷ್ಟದಿಂದ ಆದದ್ದಲ್ಲ. ಕಣ್ಣಿನ ಹೊರಮೂಲೆಯ ಕೆಳಗೆ ಬೆರಳಿಟ್ಟು ಕಿವಿಯ ಕಡೆಗೆ ಸರಿಸಿ, ಗಟ್ಟಿಯಾದ ಏಣು ಸಿಗುತ್ತದೆ. ಅಲ್ಲಿಂದ ಕೆಳಕ್ಕೆ ಜಾರಿಸಿದರೆ ಬೆರಳು ಮೆತ್ತನೆಯ ಜಾಗಕ್ಕೆ ಇಳಿಯುತ್ತದೆ. ಈಗ ಹಲ್ಲು ಕಚ್ಚಿ. ಕಿವಿಯ ಬದಿಗೆ ಅಗಿಯುವ ಸ್ನಾಯು ಉಬ್ಬುತ್ತದೆ, ಅದರ ಮುಂದಿನ ಜಾಗ ಮೆತ್ತಗೇ ಉಳಿಯುತ್ತದೆ. ಮೇಲೆ ಕೆನ್ನೆಮೂಳೆ, ಹಿಂದೆ ಈ ಸ್ನಾಯು, ಕೆಳಗೆ ದವಡೆ – ಇವುಗಳ ನಡುವಿನ ಈ ಜಾಗಕ್ಕೆ ಮೂಳೆಯ ಆಸರೆ ಕಡಿಮೆ, ಒಳಗಡೆ ಬರೀ ಹಲ್ಲುಸಾಲು. ಕೆನ್ನೆಮೂಳೆ ಹೊರಚಾಚಿದ್ದು ದವಡೆ ಕಿರಿದಾಗಿದ್ದರೆ, ಸೂರಿನಡಿಯ ಗೋಡೆಯ ಹಾಗೆ ಅಲ್ಲಿ ನೆರಳು ನಿಲ್ಲುತ್ತದೆ. ಬೆಳಕು ತಲೆಯ ಮೇಲಿಂದ ಬಿದ್ದ ಫೋಟೋದಲ್ಲಂತೂ ಇನ್ನೂ ಜಾಸ್ತಿ. ಒಂದೇ ಎತ್ತರ, ಒಂದೇ ತೂಕದ ಇಬ್ಬರಲ್ಲಿ ಒಬ್ಬರ ಕೆನ್ನೆ ದುಂಡಗೆ, ಇನ್ನೊಬ್ಬರದು ತಗ್ಗಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಇನ್ನು ಕೊಬ್ಬು. ಇಲ್ಲಿ ಎರಡು ಪದರ ಇರುವುದರಿಂದ ಪದದ ತೊಡಕೂ ಎರಡು. ಚರ್ಮದಡಿಯ ಕೊಬ್ಬು ತೂಕದ ಜೊತೆ ಏರಿಳಿಯುತ್ತದೆ; ಅದು ಕರಗಿದಾಗ ‘ಬತ್ತಿದ’ ಅನ್ನುವುದು ನೂರಕ್ಕೆ ನೂರು ಸರಿ. ಅದರ ಒಳಗೆ, ಕೆನ್ನೆಯ ಸ್ನಾಯುಗಳ ನಡುವೆ, ಕೊಬ್ಬಿನದೇ ಬೇರೊಂದು ಉಂಡೆ ಇದೆ. 1732ರಲ್ಲಿ ಹೈಸ್ಟರ್ ಎಂಬ ವೈದ್ಯ ಅದನ್ನು ಗ್ರಂಥಿ ಎಂದುಕೊಂಡಿದ್ದ. ಅದು ಕೊಬ್ಬು ಎಂದು 1802ರಲ್ಲಿ ಗುರುತಿಸಿದವನು ಫ್ರಾನ್ಸಿನ ಬಿಷಾ. ಹಾಲುಕುಡಿಯುವ ಮಕ್ಕಳಲ್ಲಿ ಇದು ಮುಖದ ಅಳತೆಗೆ ದೊಡ್ಡದು, ಚೀಪುವಾಗ ಕೆನ್ನೆ ಒಳಕ್ಕೆ ಕುಸಿಯದಂತೆ ತಡೆಯುತ್ತದೆ. ದೊಡ್ಡವರು ತೂಕ ಇಳಿಸಿದರೂ ಇದು ಚರ್ಮದಡಿಯ ಕೊಬ್ಬಿನಷ್ಟು ಸುಲಭಕ್ಕೆ ಕರಗುವುದಿಲ್ಲ. ‘ಕೆನ್ನೆಕೊಬ್ಬು’ ಅಂದರೆ ಎರಡೂ ಕಲಸಿಹೋಗುತ್ತವೆ ಎಂದು ನಾನು ಇದನ್ನು ‘ಕೆನ್ನೆಮೆತ್ತೆ’ ಎಂದು ಬರೆದುಕೊಂಡಿದ್ದೇನೆ. ಮೆತ್ತೆ ಎಂದರೆ ಹಾಸಿಗೆ ದಿಂಬು ನೆನಪಾಗುತ್ತದೆ. ಇದರ ಕೆಲಸವೂ ಹೆಚ್ಚುಕಡಿಮೆ ಅದೇ ತಾನೆ?

ಹಾಗಾದರೆ ಮೂಳೆಯಿಂದಲೇ ಬಂದ ತಗ್ಗಿಗೆ ಏನನ್ನೋಣ? ‘ಗುಳಿಕೆನ್ನೆ’ ಅನ್ನುವ ಹಾಗಿಲ್ಲ, ಅದನ್ನು ನಕ್ಕಾಗ ಮೂಡುವ ಗುಳಿ ಆಗಲೇ ಹಿಡಿದುಕೊಂಡಿದೆ. ‘ಗಲ್ಲ’ ಹಾಕಿದರೆ ಕೆಲವರಿಗೆ ಕೆನ್ನೆ, ಕೆಲವರಿಗೆ ಗದ್ದ. ಹಳಗನ್ನಡದ ‘ಕದಪು’ ನನಗಿಷ್ಟ, ಆದರೆ ಈ ಲೇಖನಕ್ಕೆ ಭಾರವಾಯಿತು.

ನನ್ನ ಸಲಹೆ ‘ತಗ್ಗುಗೆನ್ನೆ’. ತುಂಬುಗೆನ್ನೆ ಇರುವಾಗ ಇದೇಕೆ ಬೇಡ? ಮಳೆಗಾಲದ ಹಾಗೆ ಇಲ್ಲಿಯೂ ಕಕಾರ ಗಕಾರವಾಗಿದೆ, ವ್ಯಾಕರಣದ ತಕರಾರಿಲ್ಲ. ಇರುವ ಆಕಾರವನ್ನು ಹೇಳುತ್ತದೆ, ನಡೆದುಹೋದದ್ದನ್ನು ಹೇಳುವುದಿಲ್ಲ. ಒಂದು ಅನುಮಾನ ಮಾತ್ರ ಕಾಡುತ್ತಿದೆ: ‘ತಗ್ಗು’ ಕ್ರಿಯಾಪದವೂ ಹೌದು. ‘ಬೆಲೆ ತಗ್ಗಿತು’ ಎಂದು ದಿನಾ ಕೇಳುವ ಕಿವಿಗೆ ಇಲ್ಲಿಯೂ ಇಳಿಕೆಯೇ ಕೇಳಿಸುತ್ತದೆಯೇ?

ಇನ್ನೊಂದು ಪ್ರಶ್ನೆ, ಇದಕ್ಕೆ ನನ್ನಲ್ಲಿ ಪದವೇ ಇಲ್ಲ. ದವಡೆಹಲ್ಲು ಹೋದ ಮೇಲೆ ಅವನ್ನು ಹಿಡಿದಿದ್ದ ಮೂಳೆಯ ದಿಂಡೂ ವರ್ಷಗಳು ಕಳೆದಂತೆ ಸವೆಯುತ್ತದೆ, ಕೆನ್ನೆ ಒಳಕ್ಕೆ ವಾಲುತ್ತದೆ. ಇದು ಹುಟ್ಟಿನಿಂದ ಬಂದ ಆಕಾರವಲ್ಲ, ಕೊಬ್ಬು ಬತ್ತಿದ್ದೂ ಅಲ್ಲ. ‘ಬೊಚ್ಚುಬಾಯಿ’ ಬಾಯಿಯನ್ನು ಹೇಳುತ್ತದೆ, ಕೆನ್ನೆಯನ್ನು ಬಿಟ್ಟುಬಿಡುತ್ತದೆ. ನಿಮ್ಮ ಮನೆಯ ಹಿರಿಯರು ಇಂಥ ಕೆನ್ನೆಗೆ ಏನಾದರೂ ಅನ್ನುತ್ತಿದ್ದರೆ ದಯವಿಟ್ಟು ಅವರು ಹೇಳಿದ ಹಾಗೆಯೇ ಬರೆದು ತಿಳಿಸಿ.