ಬೆಳ್ಳಿಗೆ ಹಿಡಿಯುವುದು ತುಕ್ಕೋ, ಕಿಲುಬೋ?

ಪ್ರಶ್ನೆ: ಒಡವೆಗಳ ಕುರಿತ ಲೇಖನವೊಂದರಲ್ಲಿ “ಬೆಳ್ಳಿಗೆ ತುಕ್ಕು ಹಿಡಿಯುತ್ತದೆ” ಎಂದಿದೆ. ಕಿಲುಬು ಎಂದು ತಿದ್ದಬಹುದೇ? “ಆಕ್ಸಿಡೈಸ್ಡ್ ಬೆಳ್ಳಿ”ಗೆ ಕನ್ನಡದಲ್ಲಿ ಏನೆನ್ನಬೇಕು? ಜರ್ಮನ್ ಸಿಲ್ವರ್ ಬೆಳ್ಳಿಯ ಒಂದು ಬಗೆಯೇ?

ಉತ್ತರ: ತುಕ್ಕು ಕಬ್ಬಿಣದ್ದು, ಕಿಲುಬು ತಾಮ್ರ-ಹಿತ್ತಾಳೆಯದು. ಬೆಳ್ಳಿ ಕಪ್ಪಾಗುತ್ತದೆ, ಅಷ್ಟೆ. ನಾಮಪದವೇ ಬೇಕೆಂದರೆ “ಕಪ್ಪು” ಸಾಕು: ಕಪ್ಪು ಕೂತಿದೆ, ಕಪ್ಪು ತೆಗೆಸಬೇಕು.

ತುಕ್ಕಿಗೆ ನೀರು, ಆಮ್ಲಜನಕ ಬೇಕು. ಬೆಳ್ಳಿಯನ್ನು ಕೆಡಿಸುವುದು ಗಂಧಕ. ಗಾಳಿಯಲ್ಲಿ ತುಸುವೇ ಇರುವ ಹೈಡ್ರೋಜನ್ ಸಲ್ಫೈಡ್ ತಗಲಿ ಸಿಲ್ವರ್ ಸಲ್ಫೈಡಿನ ಪೊರೆ ಕಟ್ಟುತ್ತದೆ. ಮೊದಲು ತಿಳಿಹಳದಿ, ಆಮೇಲೆ ಕಂದು, ಕೊನೆಗೆ ಕಪ್ಪು. ಮೊಟ್ಟೆ, ಈರುಳ್ಳಿ, ಉಣ್ಣೆ ಬಟ್ಟೆಯ ಸಹವಾಸದಲ್ಲಿ ಇದು ಬೇಗ ಆಗುತ್ತದೆ. ರಬ್ಬರ್ ಬ್ಯಾಂಡ್ ಸುತ್ತಿಟ್ಟ ಚಮಚದ ಮೇಲಂತೂ ಅದರ ಗೆರೆಯೇ ಕಪ್ಪಾಗಿ ಮೂಡಿರುತ್ತದೆ.

“ಕಪ್ಪಾಯಿತು, ಹಾಗಾದರೆ ನಕಲಿ” ಎಂಬ ಸಾಲು ಲೇಖನದಲ್ಲಿದ್ದರೆ ಹೊಡೆದುಹಾಕಿ. ಅಚ್ಚ ಬೆಳ್ಳಿಯೂ ಕಪ್ಪಾಗುತ್ತದೆ. 925 ಬೆಳ್ಳಿ ಎಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ; ಉಳಿದ 7.5% ಸಾಮಾನ್ಯವಾಗಿ ತಾಮ್ರ, ಅದು ಇನ್ನೂ ಬೇಗ ಮಂಕಾಗುತ್ತದೆ. ತಾಮ್ರ ಬೆರೆಸದಿದ್ದರೆ ಬೆಳ್ಳಿ ಮೆದು, ಕಾಲ್ಗೆಜ್ಜೆಯ ಕೊಂಡಿ ಬಾಗಿಹೋಗುತ್ತದೆ. ಹಸಿರು ಕಂಡಾಗ ಮಾತ್ರ ಕಿಲುಬು ಎನ್ನಿ. ಅದು ತಾಮ್ರ ಹೆಚ್ಚಿರುವ ಸುಳಿವು.

“ಆಕ್ಸಿಡೈಸ್ಡ್” ಎಂಬ ಹೆಸರೇ ತಪ್ಪು. ಪೊಟ್ಯಾಸಿಯಂ ಸಲ್ಫೈಡಿನಂಥ ದ್ರಾವಣದಲ್ಲಿ ಅದ್ದಿ ಬೇಕೆಂದೇ ಬರಿಸಿದ ಕಪ್ಪು ಅದು. ಆಕ್ಸೈಡ್ ಅಲ್ಲ, ಅದೇ ಸಲ್ಫೈಡ್. “ಕಪ್ಪು ಕೊಟ್ಟ ಬೆಳ್ಳಿ” ಎನ್ನುವುದು ನನ್ನ ಸಲಹೆ. ಅಗ್ಗದ “ಆಕ್ಸಿಡೈಸ್ಡ್” ಸರಗಳಲ್ಲಿ ಎಷ್ಟೋ ಸಲ ಬೆಳ್ಳಿಯೇ ಇರುವುದಿಲ್ಲ, ಅದು ಬೇರೆ ಮಾತು. ತಾನಾಗಿ ಕೂತ ಕಪ್ಪನ್ನು ತೆಗೆಯಲು ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಒಂದು ಲೀಟರ್ ಕುದಿನೀರಿಗೆ ಎರಡು ಚಮಚ ಅಡುಗೆ ಸೋಡ ಹಾಕಿ, ಒಡವೆ ಹಾಳೆಗೆ ತಾಕುವಂತೆ ಮುಳುಗಿಸಿದರೆ ಗಂಧಕ ಅಲ್ಯೂಮಿನಿಯಂಗೆ ಹೋಗಿ ಬೆಳ್ಳಿ ಅಲ್ಲೇ ಉಳಿಯುತ್ತದೆ. ಕಪ್ಪು ಕೊಟ್ಟ ಒಡವೆಗೆ ಹೀಗೆ ಮಾಡಿದರೆ ಕೆತ್ತನೆಯ ಅಂದವೇ ಹೋದೀತು. ಮುತ್ತು, ಹರಳು ಕೂರಿಸಿದ್ದಕ್ಕೂ ಬೇಡ.

ಜರ್ಮನ್ ಸಿಲ್ವರ್ ತಾಮ್ರ, ನಿಕಲ್, ಸತುವಿನ ಬೆರಕೆ. ಬೆಳ್ಳಿ ಒಂದು ಗುಂಜಿಯೂ ಇಲ್ಲ.

ಅಸಲಿಯನ್ನು ಗುರುತಿಸಲು ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ತ್ರಿಕೋನದ ಮುದ್ರೆ, ಶುದ್ಧತೆಯ ಅಂಕಿ ನೋಡಿ. ಬರೀ “925” ಎಂದು ಯಾರು ಬೇಕಾದರೂ ಒತ್ತಬಹುದು. ಬೆಳ್ಳಿಗೆ ಹಾಲ್‌ಮಾರ್ಕ್ ಚಿನ್ನದಂತೆ ಕಡ್ಡಾಯವಲ್ಲ, ಆದ್ದರಿಂದ ಮುದ್ರೆ ಇಲ್ಲದ್ದೆಲ್ಲ ನಕಲಿಯೂ ಅಲ್ಲ. ಆಯಸ್ಕಾಂತಕ್ಕೆ ಅಂಟಿದರೆ ಒಳಗೆ ಕಬ್ಬಿಣದಂಥ ಬೇರೆ ಲೋಹವಿದೆ. ಅಂಟದಿದ್ದರೆ ಏನೂ ಸಾಬೀತಾಗದು, ಹಿತ್ತಾಳೆಯೂ ಅಂಟುವುದಿಲ್ಲ.

ಹೆಚ್ಚು ನಂಬಬಹುದಾದದ್ದು ನೀರಿನ ತೂಕ. 0.1 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಸೊನ್ನೆ ಮಾಡಿ, ಒಡವೆಯನ್ನು ದಾರದಲ್ಲಿ ತಳ ಮುಟ್ಟದಂತೆ ಇಳಿಬಿಡಿ. 100 ಗ್ರಾಂ ತೂಗುವ 925 ಬೆಳ್ಳಿಗೆ ಸುಮಾರು 9.7 ಗ್ರಾಂ ಬರಬೇಕು, ಜರ್ಮನ್ ಸಿಲ್ವರ್‌ಗೆ ಸುಮಾರು 11.5. ಟೊಳ್ಳು ಗೆಜ್ಜೆಯೊಳಗೆ ಗಾಳಿ ಸಿಕ್ಕಿದರೆ ಅಂಕಿ ಏರುತ್ತದೆ, ಒಳಗೆ ಸೀಸ ಸುರಿದಿದ್ದರೆ ಇಳಿಯುತ್ತದೆ. ಅಂಥದ್ದಕ್ಕೆ ಅಕ್ಕಸಾಲಿಗರ ಆಮ್ಲ ಪರೀಕ್ಷೆಯೇ ಗತಿ: ನೈಟ್ರಿಕ್ ಆಮ್ಲದಲ್ಲಿ ಕರಗಿಸಿದ ಪೊಟ್ಯಾಸಿಯಂ ಡೈಕ್ರೋಮೇಟ್ ಬೆಳ್ಳಿಯ ಮೇಲೆ ರಕ್ತಗೆಂಪಾಗುತ್ತದೆ. ಬೆಳ್ಳಿ ಲೇಪದ ಹಿತ್ತಾಳೆಯೂ ಮೇಲ್ಮೈಯಲ್ಲಿ ಕೆಂಪನ್ನೇ ತೋರಿಸೀತು, ಹಾಗಾಗಿ ಕಾಣದ ಕಡೆ ಅರದಿಂದ ಆಳವಾಗಿ ಗೀರಿಸಿ ಅಲ್ಲಿಗೇ ಹನಿ ಹಾಕಿಸಿ.