ಅಪ್‌ಡೇಟ್: ಮಡಿಕೇರಿ ರೆಸಾರ್ಟ್ ಪಾಯಿಂಟ್ಸ್ ಬಾಡಿಗೆ ವಿಷಯ

ಹುತ್ತರಿ ಟೈಮಲ್ಲಿ ಮಡಿಕೇರಿ ಹತ್ರ ರೂಮ್ ಬೇಕು, ಟೈಮ್‌ಶೇರ್ (ದುಡ್ಡು ಕಟ್ಟಿ ಮೆಂಬರ್ ಆದ್ರೆ ರೆಸಾರ್ಟಲ್ಲಿ ಉಳ್ಕೊಳ್ಳೋಕೆ ವರ್ಷಾವರ್ಷ ಪಾಯಿಂಟ್ಸ್ ಕೊಡೋ ಕ್ಲಬ್) ಮೆಂಬರ್ ಒಬ್ರು ಅವ್ರ ಪಾಯಿಂಟ್ಸಲ್ಲಿ ಬುಕ್ ಮಾಡ್ಕೊಡ್ತೀನಿ, ಆದ್ರೆ ಪೂರ್ತಿ ದುಡ್ಡು ಮೊದ್ಲೇ ಹಾಕಿ ಅಂತಿದಾರೆ ಅಂತ ಕೇಳಿದ್ನಲ್ಲ, ಅದರ ಅಪ್‌ಡೇಟ್.

ನೀವೆಲ್ಲ ಹೇಳಿದಂಗೆ ಮೊದ್ಲು ನಮ್ಮ ಹೆಸರಲ್ಲಿ ಗೆಸ್ಟ್ ಬುಕಿಂಗ್ ಮಾಡಿಸಿ, ಆಮೇಲೆ ದುಡ್ಡು ಅಂದೆ. ಕನ್ಫರ್ಮೇಶನ್ ಪಿಡಿಎಫ್ ಬಂತು, ಆದ್ರೆ ಪಿಡಿಎಫ್ ಯಾರು ಬೇಕಾದ್ರೂ ಎಡಿಟ್ ಮಾಡ್ಬಹುದು ಅಲ್ವಾ, ಅದಕ್ಕೆ ರೆಸಾರ್ಟ್ ನಂಬರ್ ಅವ್ರ ಹತ್ರ ಇಸ್ಕೊಳ್ದೆ ನಾನೇ ಹುಡ್ಕಿ ಫೋನ್ ಮಾಡ್ದೆ, ಹೆಸರು ತಾರೀಖು ಎರಡೂ ಸರಿ ಇದೆ ಅಂದ್ರು, ಜೀವ ಬಂದಂಗಾಯ್ತು. ಮೆಂಬರ್ ಕ್ಲಬ್‌ಗೆ ವರ್ಷದ ಮೇಂಟೆನೆನ್ಸ್ ಫೀ ಕಟ್ಟಿದ ರಸೀದಿನೂ ಕೇಳಿ ನೋಡ್ದೆ, ಅದು ಬಾಕಿ ಇದ್ರೆ ಬುಕಿಂಗಿಗೇ ತೊಂದ್ರೆ ಆಗ್ಬಹುದು.

ನನಗೆ ನಿಜವಾದ ಭಯ ಅಂದ್ರೆ ದುಡ್ಡು ತಗೊಂಡ್ಮೇಲೆ ಮೆಂಬರೇ ಕ್ಯಾನ್ಸಲ್ ಮಾಡಿದ್ರೆ ಏನ್ಮಾಡೋದು ಅನ್ನೋದು, ಯಾಕಂದ್ರೆ ಬುಕಿಂಗ್ ಕಂಟ್ರೋಲ್ ಅವ್ರ ಕೈಯಲ್ಲೇ ಇರುತ್ತೆ. ಅದಕ್ಕೆ ಈಗ ಅರ್ಧ, ಉಳಿದಿದ್ದು ಚೆಕ್‌ಇನ್ ಆದ್ಮೇಲೆ, ಕ್ಯಾನ್ಸಲ್ ಆದ್ರೆ ಪೂರ್ತಿ ವಾಪಸ್ ಅಂತ ಬರೆಸ್ಕೊಂಡೆ. ಒಳ್ಳೆ ಮನುಷ್ಯ, ಬೇಜಾರಿಲ್ದೆ ಒಪ್ಪಿದ್ರು.

ಬಾಡಿಗೆಗೆ ಕೊಡೋಕೆ ಕ್ಲಬ್ ರೂಲ್ಸಲ್ಲಿ ಅವಕಾಶ ಇದ್ಯಾ ಅಂತಾನೂ ದಯವಿಟ್ಟು ನೋಡ್ಕೊಳಿ. ಯುಪಿಐಲಿ ಹೋದ ದುಡ್ಡು ವಾಪಸ್ ಬರೋದು ಕಷ್ಟ, ಮೋಸ ಅನ್ಸಿದ ತಕ್ಷಣ ಸೈಬರ್ ಕ್ರೈಮ್ ಸಹಾಯವಾಣಿ 1930ಗೆ ಫೋನ್ ಮಾಡಿ.